ಉಳವಪ್ಪನ ಎಡಗೈ

ಕೋಪನ್‌ಹೇಗನ್,
ತಾ. ೧೭-೧-೧೯೬೩, ಗುರುವಾರ

ಪ್ರೀತಿಯ ದೊಡ್ಡವ್ವಾ,

ಹಿರಿಯರಿಗೆ ಕಾಗದ ಬರೆಯುವಾಗ ‘ತೀರ್ಥರೂಪ’ ಎಂದು ಸುರು ಮಾಡಬೇಕೆಂದು ನಮ್ಮೂರು ಸಾಂಬ್ರಾಣಿಯ ಸಾಲಿ ಮಾಸ್ತರರು ಕಿವಿ ಹಿಂಡಿ ಕಲಿಸಿದ್ದರು. ಇವತ್ತು ಆ ಶಬ್ದ ಬರೆದು, ಹೊಡೆದು ಹಾಕಿ, ಹೊಸ ಹಾಳೆ ತೆಗೆದುಕೊಂಡೆ. ನಿನ್ನನ್ನು ದೊಡ್ಡವ್ವಾ ಎಂದು ಕರೆಯದಿದ್ದರೆ ಮುಂದಿನ ಅಕ್ಷರ ಕೈಯಿಂದ ಹೊರಡುವುದಿಲ್ಲ. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಕಾಸಿ ತಿಕ್ಕುತ್ತಿದ್ದೀಯೋ, ಇಲ್ಲ ‘ಯಾರಿಗೆ ಬೇಕಾಗೇತಿ ಇನ್ನ ಈ ಕಾಲು’ ಎಂದು ಬಿಟ್ಟಿದ್ದೀಯೋ? ದೊಡ್ಡಪ್ಪನ ದಮ್ಮು ಈ ಚಳಿಗೆ ಹೆಚ್ಚಾಗಿರಬೇಕು. ಇಬ್ಬರೂ ಉಣ್ಣುತ್ತಿದ್ದೀರಾ? ಸತ್ಯ ಹೇಳು. ಉಣ್ಣದೆಯೂ ‘ಉಂಡೇನಿ’ ಎನ್ನುವವಳು ನೀನು, ನನಗೆ ಗೊತ್ತಿಲ್ಲದ್ದಲ್ಲ. ನನ್ನ ಆರೋಗ್ಯ ಮಾತ್ರ ಕೇಳಬೇಡ. ಇದ್ದೇನೆ.

ನಿನ್ನ ಕಾಗದ ಸೋಮವಾರ ಕೈಸೇರಿತು. ಅಷ್ಟು ದೊಡ್ಡ ಹಾಳೆಯಲ್ಲಿ ನಡುವೆ ಎರಡೇ ಸಾಲು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನಿನ್ನ ಆ ದುಂಡಗಿನ ಅಕ್ಷರ ನೋಡಿದ ಕೂಡಲೇ ನೀನು ಮಣೆಯ ಮೇಲೆ ಕೂತು, ನಾಲಿಗೆ ಕಚ್ಚಿ ಹಿಡಿದು ಬರೆಯುತ್ತಿರುವುದು ಕಣ್ಣಿಗೆ ಕಟ್ಟಿತು. ‘ಚನ್ಯಾ, ನನ್ನ ಮಗನ ಕೈಯಾಗ ಲಿಂಗ ಇಟ್ಟಿದ್ದಿ ಹೌದಲ್ಲೊ? ಅಷ್ಟ ಬರಿ, ಬ್ಯಾರೆ ಏನೂ ಬ್ಯಾಡ.’ ಉಳವಪ್ಪಣ್ಣ ಹೋದನೆಂದು ನಾನು ಕಳಿಸಿದ ತಂತಿ ಮುಟ್ಟಿದ ಮೇಲೆ ನೀನು ಕೇಳಿದ ಮಾತು ಇದೊಂದೇ. ಯಾವ ಬೇನೆ, ಎಷ್ಟು ದಿನ, ಕಡೆಗೆ ಏನೆಂದ, ಯಾವುದನ್ನೂ ಕೇಳಲಿಲ್ಲ. ಹೌದು ಎಂದೋ ಇಲ್ಲ ಎಂದೋ ಒಂದು ಶಬ್ದ ಬರೆದರೆ ಮುಗಿಯುವ ಉತ್ತರ. ನಾಲ್ಕು ದಿನದಿಂದ ಆ ಒಂದು ಶಬ್ದ ಬರೆಯಲು ನನ್ನಿಂದ ಆಗಿಲ್ಲ. ಆ ಮಾತಿಗೆ ಬರುತ್ತೇನೆ, ದೊಡ್ಡವ್ವಾ. ಸ್ವಲ್ಪ ತಡೆದುಕೋ. ಮೊದಲು ನೀನು ಕೇಳದೆ ಬಿಟ್ಟದ್ದನ್ನೆಲ್ಲ ಹೇಳಿಬಿಡುತ್ತೇನೆ.

ಈ ಊರಿಗೆ ನಾವು ಬಂದದ್ದೇ ಒಂದು ತಮಾಷೆಯಿಂದ ಅಲ್ಲವೇ? ಇಲ್ಲಿಯ ಇಬ್ಬರು ಹುಡುಗರು ಧಾರವಾಡಕ್ಕೆ ಒಕ್ಕಲುತನ ಕಲಿಯಲು ಬರುವುದು, ಬದಲಿಗೆ ನಮ್ಮ ಕಾಲೇಜಿನಿಂದ ಇಬ್ಬರು ಇಲ್ಲಿಗೆ ಹೈನದ ಕೆಲಸ ಕಲಿಯಲು ಹೋಗುವುದು. ‘ಇದೇನ ಕೊಟ್ಟು ತರೂ ಸಂಬಂಧ ಆತಲ್ಲ’ ಎಂದು ನೀನು ನಕ್ಕಿದ್ದೆ. ಆ ಬಿಳಿ ಹುಡುಗರಿಬ್ಬರನ್ನೂ ಉಳವಪ್ಪಣ್ಣ ಮನೆಗೇ ಕರೆತಂದಿದ್ದ. ಒಬ್ಬ ನಿನ್ನ ಕೆಂಪು ಮೆಣಸಿನಕಾಯಿ ಹಿಂಡಿಯನ್ನು ಜಾಮು ಎಂದು ತಿಳಿದು ರೊಟ್ಟಿಗೆ ಬಳಿದುಕೊಂಡು ತಿಂದು ಹಿತ್ತಲಿಗೆ ಓಡಿದ್ದು, ನೀನು ಬೆಲ್ಲದ ಹೆಂಟಿ ಹಿಡಿದು ಅವನ ಹಿಂದೆ ಓಡಿದ್ದು ನೆನಪಿದೆಯೇ? ನಮ್ಮಿಬ್ಬರ ಹೆಸರು ಒಟ್ಟಿಗೇ ಬಂದಾಗ ನೀನು ಉಳವಿಯ ಕಡೆ ಮುಖ ಮಾಡಿ ಕೈಮುಗಿದೆ. ಹುಟ್ಟಿದ ಕೂಸು ಎರಡು ಹೋದ ಮೇಲೆ ಜೋಯಿಡಾದ ಅಡವಿ ದಾಟಿ ಚಕ್ಕಡಿಯಲ್ಲಿ ಉಳವಿಗೆ ಹೋಗಿ, ಚನ್ನಬಸವಣ್ಣನಿಗೆ ಬೇಡಿಕೊಂಡು ಪಡೆದ ಮಗ ಅವನು. ಅದಕ್ಕೇ ಉಳವಪ್ಪ. ಮರುವರ್ಷ ನಿನ್ನ ತಂಗಿ, ನನ್ನ ಹೆತ್ತವ್ವ, ನನ್ನನ್ನು ನಿನ್ನ ಉಡಿಗೆ ಹಾಕಿ ಕಣ್ಣು ಮುಚ್ಚಿದಳು. ಅದೇ ದೇವರ ಹೆಸರನ್ನೇ ನನಗೂ ಇಟ್ಟೆ. ಇಬ್ಬರಿಗೂ ಒಂದೇ ಹಾಲು, ಒಂದೇ ತೊಟ್ಟಿಲು. ಒಂದೇ ದಿನ ಅಡಿವೆಯ್ಯ ಅಜ್ಜ ಇಬ್ಬರಿಗೂ ಲಿಂಗದೀಕ್ಷೆ ಕೊಟ್ಟರು. ಆ ದಿನಕ್ಕೆಂದು ನೀನು ತವರಿನವರು ಕೊಟ್ಟ ಬೆಳ್ಳಿ ಡಾಬನ್ನು ಹಳಿಯಾಳದ ಪತ್ತಾರನ ಮುಂದಿಟ್ಟು ‘ಮುರಿಯೋ ಮಾರಾಯ’ ಎಂದು ಲಿಂಗ ಇಟ್ಟು ಕೊರಳಿಗೆ ಕಟ್ಟುವ ಎರಡು ಕರಡಿಗೆ ಮಾಡಿಸಿದೆ. ಎರಡೂ ಒಂದೇ ನಮೂನೆ. ಅಣ್ಣನದಕ್ಕೆ ಅವನೇ ಹಲ್ಲು ಊರಿ ಮಾಡಿದ ಸಣ್ಣ ತಗ್ಗು ಇದೆ, ಅಷ್ಟೇ ಫರಕು.

ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ಎರಡೇ ಮಾತು. ‘ಜಳಕ ಮಾಡದ ಲಿಂಗಾ ಮುಟ್ಟಬ್ಯಾಡ್ರಿ, ಪೂಜಾ ಮಾಡದ ಬಾಯಾಗ ನೀರು ಹಾಕಬ್ಯಾಡ್ರಿ.’ ಅಣ್ಣ ಅದನ್ನು ಅಕ್ಷರ ಬಿಡದೆ ನಡೆಸಿದ. ಇಲ್ಲಿ ನಮ್ಮ ಹಾಸ್ಟೆಲಿನಲ್ಲಿ ಬಿಸಿನೀರು ವಾರಕ್ಕೆ ಎರಡೇ ದಿನ. ಉಳಿದ ಐದು ದಿನ ಅವನು ತಣ್ಣೀರನ್ನೇ ಮೈಮೇಲೆ ಸುರಿದುಕೊಂಡು, ಹಲ್ಲು ಕಟಕಟ ಅನ್ನಿಸುತ್ತ, ಕೋಣೆಗೆ ಬಂದು ಲಿಂಗಪೂಜೆಗೆ ಕೂಡುತ್ತಿದ್ದ. ನಾನು? ನಾನು ಒದ್ದೆ ಅರಿವೆಯಿಂದ ಮೈ ಒರೆಸಿಕೊಂಡು ಜಳಕವಾಯಿತು ಎನ್ನುತ್ತಿದ್ದೆ. ‘ಶಿವಗ ಕಣ್ಣಿಲ್ಲೇನೋ ಕಳ್ಳಾ’ ಎಂದು ನಗುತ್ತಿದ್ದ. ಈ ಬೇನೆ ಬಂದದ್ದು ಆ ನೀರಿನಿಂದ ಎಂದು ತಿಳಿಯಬೇಡ, ನಿನ್ನ ಮಾತಿನಿಂದ ಎಂದು ಕನಸಿನಲ್ಲಿಯೂ ಎಣಿಸಬೇಡ. ನಾನು ಡಾಕ್ಟರರನ್ನು ಬಾಯಿಬಿಟ್ಟು ಕೇಳಿದ್ದೇನೆ. ಹಾಸ್ಟೆಲಿನಲ್ಲಿ ಆರು ಮಂದಿಗೆ ಜ್ವರ ಬಂದಿತ್ತು. ಐದು ಮಂದಿ ಎದ್ದು ಕೂತರು. ನಮ್ಮವನೊಬ್ಬನ ಜ್ವರ ಎದೆಗೆ ಇಳಿಯಿತು. ಹಣೆಬರಹಕ್ಕೆ ಹೊಣೆ ಯಾರು ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆ. ಈಗ ನಾನು ನಿನಗೆ ಹೇಳಬೇಕಾಗಿ ಬಂತು ನೋಡು.

ದಶಂಬರ ಹದಿನೇಳಕ್ಕೆ ದವಾಖಾನೆಗೆ ಸೇರಿಸಿದೆ. ಅಲ್ಲಿಯ ರೀತಿ ಏನೆಂದರೆ, ಬಂದವರ ಮೈಮೇಲಿನ ಲೋಹವೆಲ್ಲ ತೆಗೆಸಿ, ಒಂದು ಲಕೋಟೆಯಲ್ಲಿ ಹಾಕಿ, ಹೆಸರು ಬರೆದು, ಕಚೇರಿಯ ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ. ಎದೆಯ ಫೋಟೊ ತೆಗೆಯಬೇಕು, ಬೆಳ್ಳಿ ಅಡ್ಡ ಬರುತ್ತದೆ ಎಂದು ನರ್ಸಬಾಯಿ ಕರಡಿಗೆಗೆ ಕೈ ಹಾಕಿದಳು. ಅಣ್ಣ ಎರಡೂ ಕೈಯಿಂದ ಹಿಡಿದುಕೊಂಡ. ಜ್ವರದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ! ‘ತಮ್ಮಾ, ಇದನ್ನ ಕೊಡಾಕ ಆಗೂದಿಲ್ಲ ಅಂತ ಹೇಳೊ ಆಕಿಗೆ. ಶಿವಲಿಂಗಪ್ಪ ಕಾಕಾನ ಗತಿ ನೆನಪಿಲ್ಲೇನು?’ ಎಂದ. ನನಗೆ ನೆನಪಿಲ್ಲದೆ ಏನು? ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿದ್ದ ಕಾಕಾ ಕಾಳಿ ಹೊಳೆಯಲ್ಲಿ ಈಸುವಾಗ ಶಿವದಾರ ಹರಿದು ಲಿಂಗ ಕಳೆದುಕೊಂಡು ಅಳುತ್ತ ಸಾಂಬ್ರಾಣಿಗೆ ಬಂದಾಗ, ಖಾಸಾ ಮೈದುನನೆಂದೂ ನೋಡದೆ ನೀನು ಹೊಸ್ತಿಲಲ್ಲಿ ಅಡ್ಡ ನಿಂತಿದ್ದೆ. ‘ಲಿಂಗಾ ಸಿಗೂತನಕಾ ಈ ಮನಿಯಾಗ ನಿನಗ ಗಂಗಾಳ ಇಲ್ಲ’ ಎಂದುಬಿಟ್ಟೆ. ಅವನು ಎಂಟು ದಿನ ಹೊರಗಿನ ಕಟ್ಟೆಯ ಮೇಲೆ ಬರೀ ಹಣ್ಣು ತಿಂದುಕೊಂಡಿದ್ದ. ಕಡೆಗೆ ಸಿದ್ದಿಯವರ ಲುಯಿಸ್ ಮೊಸಳೆಗೂ ಹೆದರದೆ ಮಡುವಿನಲ್ಲಿ ಮುಳುಗಿ ಮುಳುಗಿ ಅದನ್ನು ತೆಗೆದುಕೊಟ್ಟ. ಆ ದಿನ ನೀನು ಲುಯಿಸನಿಗೆ ಹೋಳಿಗೆ ಉಣ್ಣಿಸಿ, ಕಾಕಾನ ಉಣ್ಣುವ ಗಂಗಾಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಒಳಗೆ ತಂದಿಟ್ಟೆ. ನಾವಿಬ್ಬರೂ ಆಗ ಸಣ್ಣವರು, ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆವು.

ಅದೆಲ್ಲ ಗೊತ್ತಿದ್ದೂ ನಾನು ಅಣ್ಣನ ಬೆರಳು ಬಿಡಿಸಿದೆ. ‘ಎರಡು ದಿನದ ಮಾತೋ ಅಣ್ಣಾ. ಕಪಾಟನ್ಯಾಗ ಇಡತಾರ, ತಿಂದು ಹೋಗೂದಿಲ್ಲ’ ಎಂದೆ. ಒಂದೊಂದೇ ಬೆರಳು ಬಿಡಿಸಿದೆ, ದೊಡ್ಡವ್ವಾ. ಅವನು ಕೊಟ್ಟ. ಕೊಟ್ಟ ಮೇಲೆ ಅವನು ಅನ್ನ ಮುಟ್ಟಲಿಲ್ಲ. ಪೂಜೆಯಿಲ್ಲದೆ ಬಾಯಲ್ಲಿ ನೀರೂ ಹಾಕುವುದಿಲ್ಲವೆಂದು ಹಟ ಹಿಡಿದ. ನರ್ಸುಗಳು ನಳಿಗೆಯಿಂದ ಹೊಟ್ಟೆಗೆ ಹಾಕಿದರು. ಯಾರ ಮಗ ಎಂದು ಕೇಳಬೇಕೇ? ದಿನಾ ಸಂಜೆ ನಾನು ಹೋದಾಗ ‘ತಂದೇನೋ?’ ಎಂದು ಎಡಗೈ ಚಾಚುತ್ತಿದ್ದ. ನಾಳೆ ಕೊಡುತ್ತಾರಂತೆ ಎನ್ನುತ್ತಿದ್ದೆ. ಡಾಕ್ಟರರು ಇನ್ನೂ ಫೋಟೊ ತೆಗೆಯುವುದಿದೆ ಎನ್ನುತ್ತಿದ್ದರು. ಐದು ದಿನ ಹೀಗೇ. ಇಪ್ಪತ್ತೆರಡನೇ ತಾರೀಖು ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅವನು ಹೋದ. ಕಡೆಗೆ ಏನೂ ಅನ್ನಲಿಲ್ಲ. ಕೈ ಮಾತ್ರ ಹಾಸಿಗೆಯ ಅಂಚಿನಲ್ಲಿ ಅಂಗಾತ ತೆರೆದೇ ಇತ್ತು. ಕಚೇರಿ ಹನ್ನೆರಡಕ್ಕೇ ಮುಚ್ಚಿತ್ತು.

ಇನ್ನು ನನ್ನ ಶಾಣ್ಯಾತನ ಕೇಳು. ಆ ದವಾಖಾನೆಯವರು, ನಮ್ಮ ರಾಯಭಾರ ಕಚೇರಿಯ ಗುಮಾಸ್ತರು, ಎಲ್ಲರೂ ಒಂದೇ ಮಾತು ಹೇಳಿದರು. ಎದುರಿಗೆ ಇವರ ದೊಡ್ಡ ಹಬ್ಬ, ನಾಲ್ಕೈದು ದಿನ ತಡೆಯಿರಿ, ಈ ದೇಶದ ಥಂಡಿಯಲ್ಲಿ ಏನೂ ಆಗುವುದಿಲ್ಲ, ಹಬ್ಬ ಮುಗಿದ ಮೇಲೆ ಎಲ್ಲ ಸಾವಕಾಶವಾಗಿ ಮಾಡೋಣ ಎಂದರು. ನಾನು ಕೇಳಲಿಲ್ಲ. ನಮ್ಮಲ್ಲಿ ಹೋದವರನ್ನು ಇಟ್ಟುಕೊಂಡು ಕೂಡ್ರುವುದಿಲ್ಲ, ಮಣ್ಣಾಗುವ ತನಕ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಗ ಆಗಬೇಕು, ಬೇಗ ಆಗಬೇಕು ಎಂದು ಹುಚ್ಚನಂತೆ ಕೂಗಾಡಿದೆ. ಸುಡುವುದಾದರೆ ಸುಲಭ ಎಂದ ಗುಮಾಸ್ತರ ಮೇಲೆ ಏರಿ ಹೋದೆ. ಕಡೆಗೆ ಕನಿಕರಪಟ್ಟವಳು ನಮ್ಮ ಹಾಸ್ಟೆಲಿನ ಅಡುಗೆಯ ಮುದುಕಿ ಲೌರಿಡ್ಸನ್‌ಬಾಯಿ. ನಮಗಿಬ್ಬರಿಗೆ ಬೇರೆ ಪಾತ್ರೆಯಲ್ಲಿ ಬಟಾಟೆ ಬೇಯಿಸಿ ಕೊಡುತ್ತಿದ್ದಳೆಂದು ಹಿಂದೆ ಬರೆದಿದ್ದೆನಲ್ಲ, ಅವಳೇ. ಅವಳ ಅಣ್ಣ ಊರ ಹೊರಗಿನ ಒಂದು ಚರ್ಚಿನ ಮಸಣ ನೋಡಿಕೊಳ್ಳುವವನು. ಪಾದ್ರಿಗಳಿಗೆ ಹೇಳಿ ಒಂದು ಮೂಲೆ ಕೊಡಿಸಿದ, ಸೋಮವಾರ ಮುಂಜಾನೆ ಎಂದು ಗೊತ್ತು ಮಾಡಿದ. ಆತುರಗಾರನಿಗೆ ಬುದ್ಧಿ ಮಟ್ಟ. ಆದರೆ ಆಗ ನನಗೆ ಗೆದ್ದೆ ಅನ್ನಿಸಿತ್ತು.

ಕೂಡ್ರಿಸಲು ಆಗಲಿಲ್ಲ, ದೊಡ್ಡವ್ವಾ. ಇದನ್ನು ಮುಚ್ಚಿಡುವುದಿಲ್ಲ. ನಮ್ಮವರನ್ನು ಪದ್ಮಾಸನದಲ್ಲಿ ಕೂಡ್ರಿಸಿ, ಎಡಗೈಯಲ್ಲಿ ಅವರದೇ ಲಿಂಗ ಇಟ್ಟು ಮಣ್ಣು ಮಾಡುತ್ತೇವೆ ಎಂದು ಕೈಸನ್ನೆ ಮಾಡಿ ತೋರಿಸಿದೆ. ಮಸಣ ಕಾಯುವ ಆ ಮುದುಕ ತಿಳಿದುಕೊಂಡ. ಆದರೆ ಪೆಟ್ಟಿಗೆ ಇಲ್ಲದೆ ಇಲ್ಲಿಯ ಕಾಯ್ದೆ ಒಪ್ಪುವುದಿಲ್ಲ. ಮಲಗಿಸಿದರು. ಮೇಲಿನ ಮೊಳದಷ್ಟು ಮಣ್ಣು ಕಲ್ಲಾಗಿತ್ತು, ಎಪ್ಪತ್ತರ ಆ ಮುದುಕ ಹಬ್ಬದ ಮುಂಜಾನೆ ಗುದ್ದಲಿ ಹಿಡಿದು ಬೆವರು ಸುರಿಸಿ ಕುಣಿ ತೋಡಿದ್ದ. ನೀನು ಕಟ್ಟಿಕೊಟ್ಟ ವಿಭೂತಿಯುಂಡೆಯಲ್ಲಿ ಅರ್ಧ ಅಣ್ಣನ ಹಣೆಗೆ, ತೋಳಿಗೆ, ಎದೆಗೆ ಹಚ್ಚಿದೆ. ಬಿಲ್ವಪತ್ರಿ ಎಲ್ಲಿ ತರಲಿ? ಮಸಣದ ಬೇಲಿಯಲ್ಲಿ ಒಂದೇ ಒಂದು ಹಸಿರು ಗಿಡ ಇತ್ತು, ಮುಳ್ಳೆಲೆಯದು. ಅದನ್ನೇ ಕೊಯ್ದು ಹಾಕಿದೆ. ತಲೆಯ ಮೇಲೆ ಪಾದ ಇಡಲು ಅಡಿವೆಯ್ಯ ಅಜ್ಜ ಇರಲಿಲ್ಲ. ಈ ಇಡೀ ಊರಲ್ಲಿ ಲಿಂಗವಂತನೆಂದರೆ ನಾನೊಬ್ಬನೇ. ಬಾಯಿಗೆ ಬಂದಷ್ಟು ಮಂತ್ರ ಹೇಳಿದೆ, ನಡುವೆ ಮರೆತೆ, ಮತ್ತೆ ಮೊದಲಿನಿಂದ ಹೇಳಿದೆ. ಅಳುವ ಗಂಡಸನ್ನು ನಂಬಬಾರದು ಎನ್ನುತ್ತಿದ್ದೆ ನೀನು. ಆ ದಿನ ನನ್ನನ್ನು ನೋಡಿದ್ದರೆ ಜನ್ಮದಲ್ಲಿ ನಂಬುತ್ತಿರಲಿಲ್ಲ.

ಅಂದಿನಿಂದ ನನಗೆ ಯಾವುದರಲ್ಲೂ ರುಚಿ ಇಲ್ಲ. ಮೂರೂವರೆಗೆ ಹೊತ್ತು ಮುಳುಗುವ ಈ ಊರು ನನಗೆ ಸಾಕಾಗಿದೆ. ತರಗತಿಯಲ್ಲಿ ಬೆಣ್ಣೆ ತೆಗೆಯುವ ಯಂತ್ರದ ಮುಂದೆ ನಿಲ್ಲಿಸುತ್ತಾರೆ, ನಿಲ್ಲುತ್ತೇನೆ. ಅವನ ಹಾಸಿಗೆ ಇನ್ನೂ ಕೋಣೆಯಲ್ಲೇ ಇದೆ, ಬೇರೆ ಹುಡುಗನನ್ನು ಹಾಕಬೇಡಿ ಎಂದು ಕೇಳಿಕೊಂಡಿದ್ದೇನೆ. ಅವನ ಸಾಯಕಲ್ಲು ಮೆಟ್ಟಿಲ ಕೆಳಗಿದೆ, ಗಾಳಿ ಇಳಿದಿದೆ. ಅಗಸಿ ಹಿಂಡಿಯ ಡಬ್ಬಿಯಲ್ಲಿ ಅವನ ಪಾಲು ಹಾಗೆಯೇ ಉಳಿದಿದೆ. ‘ನನ್ನ ಪಾಲಿಗೆ ಬಾಯಿ ಹಾಕಿದರ ಅವ್ವಗ ಬರೀತೇನಿ’ ಎಂದು ಹೆದರಿಸುತ್ತಿದ್ದ. ಹಾಕಿಲ್ಲ. ಈ ಹಾಳೆ ಕೂಡ ಅವನದೇ. ದಾಂಡೇಲಿ ಗಿರಣಿಯ ಕಾಗದವೆಂದು ಕಾಕಾ ಕಟ್ಟಿಕೊಟ್ಟ ಕಟ್ಟು, ಇಲ್ಲಿಯವರಿಗೆಲ್ಲ ಬೆಳಕಿಗೆ ಹಿಡಿದು ತೋರಿಸಿ ‘ನಮ್ಮ ಅಡವಿಯ ಬಿದಿರು’ ಎಂದು ಜಂಬ ಕೊಚ್ಚುತ್ತಿದ್ದ. ಬದುಕಿ ಏನು ಮಾಡಬೇಕೆಂದು ನನಗೆ ತಿಳಿಯದಾಗಿದೆ, ದೊಡ್ಡವ್ವಾ. ಬಿಟ್ಟು ಬರಲು ಜೂನಿನ ತನಕ ಹಡಗಿನ ಚೀಟಿ ಇಲ್ಲ. ಬಂದು ನಿನ್ನ ಮುಖ ಹೇಗೆ ನೋಡಲಿ ಎಂಬುದೂ ತಿಳಿಯದು. ಇಬ್ಬರನ್ನು ಕಳಿಸಿದ ನಿನ್ನ ಹೊಸ್ತಿಲಿಗೆ ಒಬ್ಬನೇ ಬರುವವನು ಯಾವ ಕಾಲು ಮೊದಲು ಇಡಬೇಕು?

ಮುಂಡಗೋಡದಲ್ಲಿ ಅವನಿಗೆಂದು ನೋಡಿದ್ದ ಹೆಣ್ಣಿನ ಕಡೆಯವರಿಗೆ ಸುದ್ದಿ ಮುಟ್ಟಿಸಿದಿರಾ? ಆ ಹುಡುಗಿಗೆ ಕೊಡಬೇಕೆಂದು ಇಲ್ಲಿ ಒಂದು ಉಣ್ಣೆಯ ಶಾಲು ಕೊಂಡಿಟ್ಟಿದ್ದ. ಏನು ಮಾಡಲಿ ತಿಳಿಸು. ದೊಡ್ಡಪ್ಪನಿಗೆ ಚಳಿಯಲ್ಲಿ ಗದ್ದೆಗೆ ಹೋಗಬೇಡ ಎಂದು ಹೇಳು. ಕಾಕಾನಿಗೆ ನನ್ನ ನಮಸ್ಕಾರ, ಅಡಿವೆಯ್ಯ ಅಜ್ಜನ ಪಾದಕ್ಕೆ ಶರಣು. ಲುಯಿಸ್ ಆ ಕಡೆ ಬಂದರೆ ನಾನು ನೆನೆದೆನೆಂದು ಹೇಳು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನಿನ್ನ ಎರಡೂ ಪಾದ ಹಿಡಿದುಕೊಂಡಿದ್ದೇನೆ, ಬಿಡಿಸಿಕೊಳ್ಳಬೇಡ.

ನಿನ್ನ,
ಚನಬಸಪ್ಪ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಹೇಳದೆ ಕಳಿಸಿದರೆ ನಾನು ಮನುಷ್ಯನಲ್ಲ. ಹೌದು ದೊಡ್ಡವ್ವಾ, ಅವನ ಎಡಗೈಯಲ್ಲಿ ಲಿಂಗ ಇತ್ತು. ಆದರೆ ಅದು ಅವನದಲ್ಲ. ಹಬ್ಬ ಇಪ್ಪತ್ತೈದಕ್ಕೆ, ಸೋಮವಾರ ಇಪ್ಪತ್ತನಾಲ್ಕು ಕಚೇರಿ ತೆರೆದಿರುತ್ತದೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ, ಯಾರನ್ನೂ ಕೇಳಲಿಲ್ಲ. ಇವರ ಹಬ್ಬ ಹಿಂದಿನ ದಿನವೇ ಸುರುವಾಗುತ್ತದಂತೆ. ಮುಂಜಾನೆ ಹೋದರೆ ಬಾಗಿಲಿಗೆ ಬೀಗ. ಕೀಲಿಕೈಯವನು ಯಾವುದೋ ನಡುಗಡ್ಡೆಗೆ ಹೋಗಿದ್ದ, ಗುರುವಾರವೇ ಬರುವವನು. ಅಷ್ಟರಲ್ಲಿ ಪೆಟ್ಟಿಗೆ ಗಾಡಿಯಲ್ಲಿತ್ತು, ಕುಣಿ ತೋಡಿಯಾಗಿತ್ತು, ನಾನು ಕೂಗಾಡಿ ಕೂಡಿಸಿದ ಮಂದಿಯೆಲ್ಲ ಹಿಮದಲ್ಲಿ ನಿಂತಿದ್ದರು. ಆ ತೆರೆದ ಕೈಯನ್ನು ಬರಿದಾಗಿ ಮಣ್ಣಿಗೆ ಕೊಡಲು ನನ್ನಿಂದ ಆಗಲಿಲ್ಲ. ನನ್ನ ಕೊರಳಿನದನ್ನು ಶಿವದಾರ ಸಮೇತ ತೆಗೆದು ಅವನ ಅಂಗೈಯಲ್ಲಿಟ್ಟು, ಬಿಡಿಸಿದ ಆ ಬೆರಳುಗಳನ್ನೇ ಒಂದೊಂದಾಗಿ ಮಡಚಿದೆ. ಗುರುವಾರ ಅವನ ಲಕೋಟೆ ಕೊಟ್ಟರು. ಹಲ್ಲಿನ ತಗ್ಗು ಇರುವ ಕರಡಿಗೆ ನೀನು ಕೊಟ್ಟ ಖಣದಲ್ಲಿ ಸುತ್ತಿ ಟ್ರಂಕಿನಲ್ಲಿದೆ. ಒಬ್ಬರ ಲಿಂಗ ಇನ್ನೊಬ್ಬರು ಕಟ್ಟಿಕೊಳ್ಳಬಾರದು, ನಾನು ಕಟ್ಟಿಕೊಂಡಿಲ್ಲ. ಇಪ್ಪತ್ತನಾಲ್ಕು ದಿನದಿಂದ ಪೂಜೆಯಿಲ್ಲದೆ ಉಣ್ಣುತ್ತಿದ್ದೇನೆ. ಜಳಕವಾದ ಮೇಲೆ ಎಡಗೈ ತಾನಾಗಿ ಮುಂದೆ ಬರುತ್ತದೆ, ಅದರಲ್ಲಿ ಏನೂ ಇಲ್ಲ. ಕಾಕಾನದು ಹೊಳೆಯ ಪಾಲಾಗಿತ್ತು, ಲುಯಿಸ್ ತೆಗೆದುಕೊಟ್ಟ. ನಾನು ತಿಳಿದೂ ತಿಳಿದೂ ನನ್ನ ಕೈಯಿಂದಲೇ ಕೊಟ್ಟಿದ್ದೇನೆ, ಅದನ್ನು ತೆಗೆದುಕೊಡುವವರು ಯಾರೂ ಇಲ್ಲ. ಅಡಿವೆಯ್ಯ ಅಜ್ಜನನ್ನು ಕೇಳಬೇಡ, ಊರನ್ನು ಕೇಳಬೇಡ, ನೀನೇ ಹೇಳು. ಜೂನಿನಲ್ಲಿ ಬಂದರೆ ಆ ಮನೆಯಲ್ಲಿ ನನಗೆ ಗಂಗಾಳ ಇದೆಯೋ ಇಲ್ಲವೋ? ಅಷ್ಟ ಬರಿ, ಬ್ಯಾರೆ ಏನೂ ಬ್ಯಾಡ.